ಒಂಬತ್ತನೇ ಸೆಲ್

ಸುಮ್ಮನೆ ಇಟ್ಟು ನೋಡಿದರೆ ಹದಿನಾರೂ ಒಂದೇ.
ಮೂರು ಪಾಯಿಂಟ್ ಮೂರು, ಮೂರು ಪಾಯಿಂಟ್ ಮೂರು,
ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ
ಸಾಲಾಗಿ ನಿಂತು ಒಂದೇ ಉತ್ತರ.

"ನೋಡು ರುಕ್ಸಾರ್, ಸರಿಯಾಗೇ ಇದೆಯಲ್ಲ"
ಅಂದರು ಫೆಲಿಕ್ಸ್ ಅಂಕಲ್, ಕಾಖಿ ತೋಳಲ್ಲಿ ಬೆವರೊರೆಸುತ್ತ.
"ಮಾರ್ಕೆಟ್ ರೋಡಲ್ಲಿ ಕುದುರೆ ಇದು.
ರತ್ನಗಿರಿ ಬೋರೆ ಏರಲ್ಲಿ ಮಾತ್ರ,
ಹಿಂದೆ ಮೂವರು ಕೂತಿದ್ದರೆ,
ಅರ್ಧಕ್ಕೆ ಠಪ್ಪಂತ ಸತ್ತುಹೋಗುತ್ತೆ.
ಒಂದು ನಿಮಿಷ ಬಿಟ್ಟು ಕೀ ತಿರುಗಿಸಿದರೆ
ಏನೂ ಆಗಿಲ್ಲವೆಂಬಂತೆ ನಾಲ್ಕು ಗೀಟು ಹಸಿರು!"

ಕೂತಿರುವಾಗ ಯಾರ ವಯಸ್ಸೂ ಗೊತ್ತಾಗಲ್ಲ ಅಂಕಲ್.
ಎಷ್ಟಿದೆ ಅಂತ ಕೇಳಿದರೆ
ಎಲ್ಲ ಸೆಲ್ಲೂ ಮರ್ಯಾದೆಗೆ ಸುಳ್ಳು ಹೇಳುತ್ತೆ.
ಕೊಡು ಅಂತ ಕೇಳಬೇಕು.

ನಾಲ್ಕು ತಂತಿ. ಎರಡು ಕರೆಂಟು ದಬ್ಬುತ್ತವೆ,
ಇನ್ನೆರಡು ಬರೀ ಕಿವಿ.
ದಬ್ಬುವವನೇ ಕೇಳಿಸಿಕೊಳ್ಳಲೂ ಕೂತರೆ
ತನ್ನ ತಂತಿಯ ನರಳಾಟವನ್ನೂ
ಸೆಲ್ಲಿನ ಲೆಕ್ಕಕ್ಕೆ ಬರೆದುಬಿಡುತ್ತಾನೆ.
ಐಟಿಐಯಲ್ಲಿ ಇದನ್ನು ಕಲಿಸಿದ ವನಮಾಲಾ ಮೇಡಂ
ಅತ್ತೆ-ಸೊಸೆ ಪಂಚಾಯ್ತಿಗೂ ಇದೇ ನಿಯಮ ಅನ್ನುತ್ತಿದ್ದರು.

ಒಂದರಿಂದ ಎಂಟರ ತನಕ
ಅರ್ಧ ಮಿಲಿಓಮ್, ಆಚೀಚೆ ಕೂದಲೆಳೆ.
ಒಂಬತ್ತು: ಒಂದೂ ಮುಕ್ಕಾಲು.
ತುದಿ ಒರೆಸಿ, ಉಪ್ಪುಕಾಗದ ತಿಕ್ಕಿ, ಮತ್ತೆ ಒತ್ತಿದೆ.
ಒಂದೂ ಮುಕ್ಕಾಲು.

ಅವರಿಗೆ ನಂಬಿಕೆಯಿಲ್ಲ. ಲೋಡ್ ಹಾಕಿದೆ,
ಅರವತ್ತು ಆಂಪಿಯರ್.
ಬಕೆಟ್ಟಿನೊಳಗಿನ ಸುರುಳಿಗೆ ನೀರು ಬೆಚ್ಚಗಾಗತೊಡಗಿತು.
ಹದಿನೈದು ಸೆಲ್ಲು ಮೂರು ಪಾಯಿಂಟ್ ಎರಡಕ್ಕೆ ಇಳಿದು
ಮೂಟೆ ಹೊತ್ತ ಹಮಾಲಿಗಳಂತೆ
ಮೊಣಕಾಲು ತುಸು ಬಾಗಿಸಿ ನಿಂತವು.
ಒಂಬತ್ತು ಇಳಿಯಿತು, ಇಳಿಯಿತು, ಇಳಿಯುತ್ತಲೇ
ಎರಡು ಪಾಯಿಂಟ್ ಏಳಕ್ಕೆ ಬಂತು.
ಕಟ್.
ಒಂದಕ್ಕೆ ಉಸಿರು ಸಾಲದಿದ್ದರೆ
ಹದಿನಾರಕ್ಕೂ ಬಾಗಿಲು ಹಾಕುತ್ತೆ ಈ ಪುಟ್ಟ ಹಸಿರು ಬೋರ್ಡು.
ಬೈಯಬೇಡಿ ಅದಕ್ಕೆ.

ಲೋಡ್ ತೆಗೆದ ಮೇಲೂ ನಾನು ಮೀಟರ್ ಬಿಡುವುದಿಲ್ಲ.
ಉಳಿದವು ಚಿಟಿಕೆ ಹೊಡೆಯುವಷ್ಟರಲ್ಲಿ ಮೇಲೆದ್ದವು.
ಇದು ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ,
ಮೂರು.
ಮೂರು ಪಾಯಿಂಟ್ ಒಂದು.
ಎದುರಿನ ಹೋಟೆಲಿಂದ ಎರಡು ಕಾಫಿ ಬಂತು.
ಮೂರು ಪಾಯಿಂಟ್ ಎರಡು.
ತಳದ ಸಕ್ಕರೆಯನ್ನು ಅಂಕಲ್ ಬೆರಳಲ್ಲಿ ಬಳಿದು ನೆಕ್ಕುವ ಹೊತ್ತಿಗೆ
ಮೂರು ಪಾಯಿಂಟ್ ಮೂರು. ಬಂದೆ, ಅಂತು.

"ಹೊಸದೊಂದು ಹಾಕಿಬಿಡು."
ಆಗಲ್ಲ. ಐದು ಮಳೆಗಾಲ ಕಂಡ ಹದಿನೈದರ ನಡುವೆ
ಪ್ಯಾಕಿಂಗ್ ಬಿಚ್ಚಿದ ಸೆಲ್ಲು
ತುಂಬುವಾಗಲೂ ಬರಿದಾಗುವಾಗಲೂ ತಾಳ ತಪ್ಪಿಸುತ್ತೆ.
ಓರಗೆಯದೇ ಬೇಕು.
ಕಡೂರಿನಲ್ಲಿ ಕಂತು ನಿಂತು
ಫೈನಾನ್ಸಿನವರು ಎಳೆದೊಯ್ದ ಆಟೋದಿಂದ ಬಿಚ್ಚಿದ್ದು
ಡಬ್ಬದ ತುಂಬ ಇತ್ತು ನನ್ನಲ್ಲಿ,
ಪ್ರತಿಯೊಂದರ ನೆತ್ತಿಗೂ ಮಾರ್ಕರಿನಲ್ಲಿ ತಾರೀಕು, ಮಿಲಿಓಮ್.
ಹನ್ನೊಂದನೆಯದು ಹೊಂದಿತು.

"ಇದನ್ನೇನು ಮಾಡ್ತೀಯ?" ಒಂಬತ್ತು ಅವರ ಅಂಗೈಮೇಲಿತ್ತು.
ಏರಿಲ್ಲದ ಕೆಲಸ ಕೊಡ್ತೀನಿ.
ಶೆಡ್ಡಿನ ರಾತ್ರಿ ದೀಪ. ಚೂರೇ ಚೂರು ಕೇಳಿದರೆ
ಇನ್ನೂ ಬಹಳ ದಿನ ಕೊಡುತ್ತೆ.

ಆಮೇಲೆ ಹುಡುಗಾಟಕ್ಕೆ
ಎರಡು ಹೆಬ್ಬೆರಳಿಗೂ ಕ್ಲಿಪ್ಪು ಸಿಕ್ಕಿಸಿಕೊಂಡು
"ಈಗ ನನ್ನದು ನೋಡು" ಅಂದರು.
ಮೀಟರ್ ಎರಡು ಸಲ ಮಿಟುಕಿಸಿ ಓ ಎಲ್ ಅಂತು.
"ಹಾಗಂದ್ರೆ?"
ತನ್ನ ಅಳತೆಗೆ ನೀವು ಸಿಗಲ್ಲವಂತೆ.
ಹಲ್ಲಿಲ್ಲದ ಕಡೆಯೆಲ್ಲ ಕಾಣುವಂತೆ ನಕ್ಕರು.

ಕರೆಂಟಿನ ಆಟೋಗೆ ಸದ್ದಿಲ್ಲ,
ಯಾವಾಗ ತಿರುವು ದಾಟಿತೋ ತಿಳಿಯಲಿಲ್ಲ.
ಮೂವರನ್ನು ಕೂರಿಸಿಕೊಂಡು ಮೇಲೆ ಮುಟ್ಟಿದರೆ
ಒಂದು ಮಿಸ್ಡ್ ಕಾಲ್ ಅಂತ ಮಾತಾಗಿತ್ತು.
ಪುಸ್ತಕದಲ್ಲಿ ಬರೆದೆ, ಬಕೆಟ್ಟಿನ ನೀರಲ್ಲಿ ಲೋಟ ತೊಳೆದೆ,
ಫೋನನ್ನು ಮೀಟರಿನ ಪಕ್ಕದಲ್ಲೇ ಇಟ್ಟೆ.

ಎರಡು ಬಂತು.
ಎರಡನೆಯದು ಯಾಕೋ.